ತಾನಾಗಿ ಏಳುವ ಬಾನೆಟ್ಟು

ಜಯನಗರ ಏಳನೇ ಬ್ಲಾಕಿನ ಜಯದೇವಪ್ಪನವರ ಮನೆಯಲ್ಲಿ ಗಂಡ ಹೆಂಡಿರ ಜಗಳಕ್ಕೆ ಕಾರಣಗಳ ಬರವಿರಲಿಲ್ಲ. ಆದರೆ ಸರ್ವಮಂಗಳಾ ಅಧಿಕೃತವಾಗಿ ಮುಷ್ಕರ ಹೂಡಿದ್ದು ಮಾತ್ರ ಕಾರಿನ ಬಾನೆಟ್ಟಿನ ಸಲುವಾಗಿ.

ಕಾರು ದುಂಡು ಮೂತಿಯ, ದೊಡ್ಡ ಹೊಟ್ಟೆಯ ಹಳೆಯ ಗಾಡಿ. ಜಯದೇವಪ್ಪನವರು ಅದನ್ನು ನಿವೃತ್ತರಾಗುತ್ತಿದ್ದ ತಮ್ಮ ಮೇಲಧಿಕಾರಿಯಿಂದ ಕೊಂಡಿದ್ದರು. (ಸಾಹೇಬರಿಗಿಂತ ಮೊದಲು ಕಾರು ನಿವೃತ್ತವಾಗಬೇಕಿತ್ತು ಎಂಬುದು ಸರ್ವಮಂಗಳಾ ಅವರ ಅಭಿಪ್ರಾಯ.) ಒಂದೆರಡು ಮೈಲಿ ಓಡುವಷ್ಟರಲ್ಲಿ ಅದಕ್ಕೆ ತಲೆ ಬಿಸಿಯಾಗುತ್ತಿತ್ತು. ಆಗ ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ರೇಡಿಯೇಟರಿಗೆ ನೀರು ಕುಡಿಸಬೇಕು. ಎತ್ತಿದ ಬಾನೆಟ್ಟಿಗೆ ಊರುಗೋಲಾಗಿ ನಿಲ್ಲಬೇಕಾದ ಕಬ್ಬಿಣದ ಕಂಬಿ ಬುಡದಲ್ಲೇ ತುಕ್ಕು ಹಿಡಿದು ಮುರಿದಿತ್ತು. ತೆರವಾದ ಆ ಸ್ಥಾನಕ್ಕೆ ಸರ್ವಮಂಗಳಾ ನೇಮಕಗೊಂಡಿದ್ದರು. ಖಾಯಂ ಹುದ್ದೆ; ಸಂಬಳವಿಲ್ಲ, ರಜೆಯಿಲ್ಲ, ಬಡ್ತಿಯಂತೂ ಇಲ್ಲವೇ ಇಲ್ಲ.

ಮದುವೆಗೆ ಹೊರಟರೂ ಅಷ್ಟೆ, ತರಕಾರಿಗೆ ಹೊರಟರೂ ಅಷ್ಟೆ. ರೇಷ್ಮೆ ಸೀರೆಯುಟ್ಟ ಸರ್ವಮಂಗಳಾ ನಡುರಸ್ತೆಯಲ್ಲಿ ಗೋವರ್ಧನಗಿರಿ ಎತ್ತಿದ ಭಂಗಿಯಲ್ಲಿ ನಿಲ್ಲುವರು. ಜಯದೇವಪ್ಪನವರು ಕೆಳಗೆ ಬಗ್ಗಿಕೊಂಡು, "ಇನ್ನೊಂಚೂರು ಮೇಲೆ ಹಿಡಿಯೇ, ಬೆಳಕು ಬರ್ತಿಲ್ಲ," ಎನ್ನುವರು.

ಹೀಗೇ ಒಮ್ಮೆ ಸೌತ್ ಎಂಡ್ ಸರ್ಕಲ್ಲಿನಲ್ಲಿ ನಿಂತಿದ್ದಾಗ, ಅವರ ಕಾಲೇಜಿನ ಗೆಳತಿಯೊಬ್ಬಳು ಆಟೋದಿಂದ ಕತ್ತು ಹೊರಹಾಕಿ, "ಏನೇ ಮಂಗಳಾ, ಗ್ಯಾರೇಜ್ ಇಟ್ಟಿದ್ದೀಯಾ?" ಎಂದು ಕೂಗಿ ಹೋದಳು. ಅವಮಾನದಿಂದ ಸರ್ವಮಂಗಳಾ ಎರಡೂ ಕೈ ಬಿಟ್ಟರು. ಬಾನೆಟ್ಟಿನ ಕೆಳಗೆ ಗಂಡನ ತಲೆ ಇರುವುದು ಅವರಿಗೆ ಮರೆತುಹೋಗಿತ್ತು. (ಮರೆತುಹೋಗಿತ್ತು ಎಂದು ಅವರು ಇಂದಿಗೂ ಹೇಳುತ್ತಾರೆ.) ಆಮೇಲೆ ಸಿಟಿ ಬಸ್ಸು ಹತ್ತಿ ಒಬ್ಬರೇ ಮನೆಗೆ ಬಂದರು.

"ಇನ್ಮೇಲೆ ನಾನು ಬಾನೆಟ್ ಹಿಡಿಯಲ್ಲ ಕಣ್ರೀ. ನೀವುಂಟು, ನಿಮ್ಮ ಗಾಡಿಯುಂಟು."

ಜಯದೇವಪ್ಪನವರು ತಲೆಯ ಬುಗುಟಿಗೆ ಐಸ್ ಒತ್ತಿಕೊಂಡು ಪರ್ಯಾಯ ವ್ಯವಸ್ಥೆ ಯೋಚಿಸಿದರು. ಮೊದಲು ಒನಕೆಯನ್ನು ಕಾರಿನಲ್ಲಿ ಇಟ್ಟುಕೊಂಡರು. ಅವರ ತಾಯಿ ಬಸವಲಿಂಗಮ್ಮ ಅದನ್ನು ಇಳಿಸಿಕೊಂಡು, "ಖಾರ ಕುಟ್ಟೋ ಒನಕೆಗೆ ಎಣ್ಣೆ ಗ್ರೀಸು ಮೆತ್ತಿಸ್ತೀಯೇನೋ?" ಎಂದು ಬೈದು ಒಳಗಿಟ್ಟರು.

ಆ ಭಾನುವಾರ ಷಡ್ಡಕ ಗೌರೀಶಂಕರ ಬಂದ. ಸರ್ವಮಂಗಳಾ ಅವರ ತಂಗಿಯ ಗಂಡ. ಕತ್ರಿಗುಪ್ಪೆಯಲ್ಲಿ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಕರೆಯಲು ಹೊಚ್ಚಹೊಸ ಮಾರುತಿಯಲ್ಲಿ ಬಂದಿದ್ದ. ಷಡ್ಡಕನಾದವನು ಮನೆಯನ್ನೋ ಕಾರನ್ನೋ ಒಂದನ್ನು ಮಾಡಿಕೊಂಡರೆ ಹೇಗೋ ಸಹಿಸಬಹುದು. ಎರಡನ್ನೂ ಒಂದೇ ವರ್ಷ ಮಾಡಿಕೊಂಡರೆ ಮನುಷ್ಯ ಏನು ಮಾಡಬೇಕು? ಸಾಲದ್ದಕ್ಕೆ ಹಣ್ಣಿನ ಬುಟ್ಟಿ ಇಳಿಸಲು ಅವನು ಹಿಂಬಾಗಿಲಿನ ಬೀಗ ತಿರುಗಿಸಿದ್ದೇ, ಬಾಗಿಲು ಸುಯ್ಯೆಂದು ತಾನಾಗಿ ಮೇಲೆದ್ದು ನಿಂತಿತು. ಯಾರೂ ಹಿಡಿದಿರಲಿಲ್ಲ!

"ಗ್ಯಾಸ್ ರಾಡ್ ಭಾವ," ಎಂದ ಗೌರೀಶಂಕರ, ಎರಡೂ ಪಕ್ಕದಲ್ಲಿದ್ದ ಕಪ್ಪು ಕೊಳವೆ ತೋರಿಸಿ. "ಒಳಗೆ ಗ್ಯಾಸ್ ತುಂಬಿರ್ತಾರೆ. ಅದೇ ತಳ್ಳತ್ತೆ."

ಸರ್ವಮಂಗಳಾ ಆ ಬಾಗಿಲನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು. ಎರಡನೆಯ ನೋಟ ತಡೆಯಲಾಗದೆ ಜಯದೇವಪ್ಪನವರ ಬಾಯಿಂದ ಮಾತು ಹೊರಬಿತ್ತು.

"ಗೊತ್ತು ಗೊತ್ತು. ನಾನೂ ನಮ್ಮ ಬಾನೆಟ್ಟಿಗೆ ಹಾಕಿಸ್ತಿದ್ದೀನಿ. ನಿಮ್ಮ ಗೃಹಪ್ರವೇಶಕ್ಕೆ ಬಂದಾಗ ನೋಡುವಿರಂತೆ."

ಗೌರೀಶಂಕರ ಹೋದ ಮೇಲೆ ಬಸವಲಿಂಗಮ್ಮ ಕೇಳಿದರು: "ಅಲ್ವೋ, ಅಡುಗೆಮನೆಗೆ ಗ್ಯಾಸ್ ಬರೋಕೆ ವರ್ಷಗಟ್ಲೆ ಕಾದ್ವಿ. ಈಗ ಕಾರಿಗೂ ಬುಕ್ ಮಾಡ್ಬೇಕೇನೋ?"

ಮರುದಿನವೇ ಜಯದೇವಪ್ಪನವರು ಜೆ.ಸಿ. ರಸ್ತೆಗೆ ಹೋದರು. ಬಿಡಿಭಾಗಗಳ ಅಂಗಡಿಯ ವೆಂಕಟಾಚಲ ಮೂರು ಜೊತೆ ರಾಡು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದು ಬೆರಳು ಗಾತ್ರ, ಇನ್ನೊಂದು ಸ್ವಲ್ಪ ದಪ್ಪ, ಮತ್ತೊಂದು ಯಾವುದೋ ದೊಡ್ಡ ವ್ಯಾನಿನ ಹಿಂಬಾಗಿಲಿಗೆ ಹಾಕುವಂಥದ್ದು, ಪೈಲ್ವಾನನ ಮುಂಗೈಯಂತಿತ್ತು.

"ನಿಮ್ಮ ಬಾನೆಟ್ ತೂಕ ಎಷ್ಟು ಸಾರ್?"

ಜಯದೇವಪ್ಪನವರಿಗೆ ತಮ್ಮದೇ ತೂಕ ಸರಿಯಾಗಿ ಗೊತ್ತಿರಲಿಲ್ಲ. ಕಾಸು ಹಾಕುವ ಯಂತ್ರದ ಮೇಲೆ ನಿಂತಾಗಲೆಲ್ಲ ಅವರು ಚೀಟಿಯ ಹಿಂದಿನ ಭವಿಷ್ಯವನ್ನು ಮಾತ್ರ ನಂಬಿ ಮುಂದಿನ ಅಂಕಿಯನ್ನು ಅಲ್ಲಗಳೆಯುತ್ತಿದ್ದರು.

"ಕಮ್ಮಿ ಪವರ್ ಆದ್ರೆ ಬಾನೆಟ್ ತಲೆ ಮೇಲೆ ಬೀಳತ್ತೆ. ಜಾಸ್ತಿ ಆದ್ರೆ ಇಳಿಯಲ್ಲ. ತೂಕ ತಿಳ್ಕೊಂಡು ಬನ್ನಿ ಸಾರ್," ಎಂದ ವೆಂಕಟಾಚಲ. ಮಾತಿನ ಮೊದಲರ್ಧ ಮಾತ್ರ ಜಯದೇವಪ್ಪನವರ ತಲೆಗೆ ಹೋಯಿತು. ಅಲ್ಲಿ ಬುಗುಟು ಇನ್ನೂ ಇಳಿದಿರಲಿಲ್ಲ.

ಬಾನೆಟ್ಟಿನ ತೂಕ ಬಲ್ಲವರು ಜಗತ್ತಿನಲ್ಲಿ ಒಬ್ಬರೇ. ಜಯದೇವಪ್ಪನವರು ಹಿತ್ತಲಿನಲ್ಲಿ ಹೆಂಡತಿಯ ಕೈಗೆ ಒಂದು ಬಕೆಟ್ ನೀರು ಕೊಟ್ಟು, "ಇಷ್ಟಿರಬಹುದಾ?" ಎಂದು ಕೇಳಿದರು.

"ಇದಾ? ಇದು ಹೂವು."

ಬಕೆಟ್ಟಿಗೆ ರುಬ್ಬುಗುಂಡು ಸೇರಿತು. "ಈಗ?"

"ಈಗ ಸ್ವಲ್ಪ ಹತ್ರ ಬಂತು."

"ಸುಮ್ನೆ ಹೇಳ್ಬೇಡ ಮಂಗಳಾ. ಇದು ನನ್ನ ಕೈಲೇ ಎತ್ತೋಕಾಗ್ತಿಲ್ಲ."

"ಹೌದೌದು, ನಾನು ಸುಳ್ಳಿ! ಬಿಸಿಲಲ್ಲಿ, ರೇಷ್ಮೆ ಸೀರೆ ಉಟ್ಕೊಂಡು, ಊರೆಲ್ಲಾ ನೋಡ್ತಿರುವಾಗ ಹಿಡಿದಿದ್ದೀರಾ ಒಂದಿನಾನಾದ್ರೂ? ಹಂಗೆ ಹಿಡಿದ್ರೆ ಇದರ ಎರಡರಷ್ಟು!"

"ಅವಳು ಹೇಳೋದು ಸರಿ ಕಣೋ," ಎಂದರು ಬಸವಲಿಂಗಮ್ಮ, ಅವರೆಕಾಯಿ ಬಿಡಿಸುತ್ತಾ. "ಮರ್ಯಾದೆಗೂ ತೂಕ ಇರತ್ತೆ."

ಇಲ್ಲಿ ಜಯದೇವಪ್ಪನವರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಬಾನೆಟ್ ಅಷ್ಟೇನೂ ಭಾರವಿಲ್ಲ ಎಂದರೆ ಇಷ್ಟು ವರ್ಷ ಹೆಂಡತಿ ಪಟ್ಟ ಕಷ್ಟ ಹಗುರವಾಗಿಬಿಡುತ್ತದೆ. ಹಾಗೆ ಹೇಳಿದ ಮನೆಯಲ್ಲಿ ಸಂಜೆ ಕಾಫಿ ಸಿಗುವ ಭರವಸೆಯಿಲ್ಲ. ಮೇಲಾಗಿ ಗೌರೀಶಂಕರನ ರಾಡು ಬೆರಳು ಗಾತ್ರದ್ದು. ತಮ್ಮದು ಅದಕ್ಕಿಂತ ದಪ್ಪಗಿರಲಿ ಎಂಬ ಆಸೆಯೂ ಒಳಗೊಳಗೇ ಇತ್ತು. ಪಶ್ಚಾತ್ತಾಪ ಮತ್ತು ಪ್ರತಿಷ್ಠೆ ಎರಡೂ ಸೇರಿ ತಕ್ಕಡಿಯಲ್ಲಿ ಕೂತ ಮೇಲೆ ಮುಳ್ಳು ನಿಲ್ಲುವುದು ಎಲ್ಲಿ? ಅವರು ಪೈಲ್ವಾನನನ್ನೇ ಕೊಂಡು ತಂದರು.

ಸಿದ್ದಾಪುರದ ಮೆಕ್ಯಾನಿಕ್ ಪಿಳ್ಳಣ್ಣ ಇಂಥ ರಾಡನ್ನು ಎಂದೂ ಕಂಡವನಲ್ಲ. ಆದರೆ ವೆಲ್ಡಿಂಗ್ ಎಂದರೆ ಅವನಿಗೆ ಪ್ರಾಣ. "ಬಿಡಿ ಸಾರ್, ಗಾಡಿ ಗುಜರಿಗೆ ಹೋದ್ರೂ ಇದು ಬಿಚ್ಚಲ್ಲ, ಹಂಗೆ ಬೆಸೆದುಬಿಡ್ತೀನಿ," ಎಂದ. ಹಾಗೇ ಬೆಸೆದ.

ಮೊದಲ ಸಲ ಚಿಲಕ ಎಳೆದಾಗ ಬಾನೆಟ್ಟು ಸುಯ್ಯೆನ್ನಲಿಲ್ಲ, ಢಮಾರೆಂದು ಎದ್ದಿತು. ಜಯದೇವಪ್ಪನವರಿಗೆ ಕಣ್ಣಲ್ಲಿ ನೀರು ಬಂತು. ಬಾನೆಟ್ ಮುಚ್ಚುವಾಗ ಪಿಳ್ಳಣ್ಣನ ಕಣ್ಣಲ್ಲೂ ಬಂತು. ಅವನು ಜೋತುಬಿದ್ದ, ಬಾನೆಟ್ಟು ಅವನನ್ನು ಉಯ್ಯಾಲೆ ಆಡಿಸಿತು. ಪಕ್ಕದ ಪಂಕ್ಚರ್ ಅಂಗಡಿಯವನನ್ನೂ ಕರೆದು ಮೂವರೂ ಎದೆಗೊಟ್ಟು ಅದುಮಿದ ಮೇಲೆ ಚಿಲಕ ಕಚ್ಚಿಕೊಂಡಿತು.

"ಹೊಸದಲ್ವಾ ಸಾರ್, ಬಿಗಿ ಇರತ್ತೆ. ಓಡ್ತಾ ಓಡ್ತಾ ಸಡಿಲ ಆಗತ್ತೆ," ಎಂದ ಪಿಳ್ಳಣ್ಣ.

ಸಡಿಲವಾಗಿದ್ದು ರಾಡಲ್ಲ.

ಗೃಹಪ್ರವೇಶದ ಬೆಳಿಗ್ಗೆ ಸಂಸಾರ ಸಂಭ್ರಮದಿಂದ ಹೊರಟಿತು. ಅಕ್ಕ ಬಂದು ಹಾಲು ಉಕ್ಕಿಸದೆ ಒಲೆಯನ್ನೇ ಹಚ್ಚುವುದಿಲ್ಲ ಎಂದು ತಂಗಿ ಹೇಳಿಕಳಿಸಿದ್ದಳು. ಹಿಂದಿನ ಸೀಟಿನಲ್ಲಿ ಬಸವಲಿಂಗಮ್ಮ, ಹಣ್ಣು ಹೂವಿನ ತಟ್ಟೆಗಳು. ಬನಶಂಕರಿ ಎರಡನೇ ಹಂತ ದಾಟುತ್ತಿದ್ದಾಗ ಮುಂದೆ ಟಣ್ ಎಂದು ಏನೋ ಮುರಿದ ಸದ್ದಾಯಿತು. ಮರುಕ್ಷಣ ಬಾನೆಟ್ಟು ಎದ್ದು ನಿಂತು, ಗಾಜಿನ ಮುಂದಿದ್ದ ರಸ್ತೆ, ಮರ, ಆಕಾಶ ಎಲ್ಲವನ್ನೂ ಮುಚ್ಚಿಬಿಟ್ಟಿತು.

ಜಯದೇವಪ್ಪನವರು ಕಣ್ಣು ಮುಚ್ಚಿ ಬ್ರೇಕ್ ಒತ್ತಿದರು. (ಕಣ್ಣು ತೆರೆದಿದ್ದರೂ ಕಾಣುತ್ತಿದ್ದುದು ಬಾನೆಟ್ಟೇ.) ಯಾರಿಗೂ ಏನೂ ಆಗಲಿಲ್ಲ. ಚಿಲಕ ಮಾತ್ರ ಎರಡು ತುಂಡಾಗಿತ್ತು.

ದಾರಿಹೋಕರಿಬ್ಬರ ನೆರವಿನಿಂದ ಬಾನೆಟ್ ಅದುಮಿದರು. ಕೈ ಬಿಟ್ಟ ಕೂಡಲೇ ಎದ್ದಿತು. ಕಟ್ಟಲು ಕಾರಿನಲ್ಲಿ ಮಲ್ಲಿಗೆ ಮೊಳದ ಹೊರತು ಹಗ್ಗದ ಜಾತಿಯ ಏನೂ ಇರಲಿಲ್ಲ. ಸರ್ವಮಂಗಳಾ ಹತ್ತಿ ಕೂತರು. ಬಾನೆಟ್ಟು ಅವರನ್ನು ಪಲ್ಲಕ್ಕಿಯಂತೆ ಮೆಲ್ಲಗೆ ಎತ್ತಿತು.

"ನಾನು ಕೂತ್ಕೋತೀನಿ ಕಣೋ," ಎಂದು ಬಸವಲಿಂಗಮ್ಮ ಬಾಗಿಲು ತೆರೆದರು.

"ಅಮ್ಮಾ, ಸುಮ್ನಿರಮ್ಮಾ!" ಎಂದು ಜಯದೇವಪ್ಪನವರು ತಾವೇ ಹತ್ತಿ ಕೂತರು. ಬಾನೆಟ್ಟು ಒಮ್ಮೆ ನಿಟ್ಟುಸಿರಿಟ್ಟು, ಕೆಳಗಿಳಿದು, ಅಲುಗದೆ ನಿಂತಿತು. ಆ ರಾಡಿಗೆ ಸರಿಸಾಟಿಯಾದ ಭಾರ ಆ ಕುಟುಂಬದಲ್ಲಿ ಅವರೊಬ್ಬರೇ.

"ಸರಿ. ಈಗ ಗಾಡಿ ಯಾರು ಓಡಿಸೋದು?" ಎಂದರು ಮೇಲಿನಿಂದ.

"ನಾನು," ಎಂದರು ಸರ್ವಮಂಗಳಾ.

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿಯಾಗಿದ್ದ ಅವರ ತಂದೆ ಮದುವೆಗೆ ಮೊದಲೇ ಮಗಳಿಗೆ ಜೀಪು ಓಡಿಸಲು ಕಲಿಸಿ ಲೈಸೆನ್ಸ್ ಮಾಡಿಸಿದ್ದರು. ಜಯದೇವಪ್ಪನವರಿಗೆ ಅದು ಗೊತ್ತಿತ್ತು. "ಬೆಂಗಳೂರು ಟ್ರಾಫಿಕ್ಕು ನಿನಗಲ್ಲ," ಎಂದು ಸ್ಟೀರಿಂಗ್ ಮುಟ್ಟಲು ಬಿಟ್ಟಿರಲಿಲ್ಲ, ಅಷ್ಟೆ. ಈಗ ಮುಹೂರ್ತ ಹತ್ತಿರವಾಗುತ್ತಿತ್ತು. ಅವರು ಇಳಿದು ವಾದಿಸುವಂತಿರಲಿಲ್ಲ. ಇಳಿದರೆ ಬಾನೆಟ್ಟು ಏಳುತ್ತಿತ್ತು.

ಸರ್ವಮಂಗಳಾ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಎಷ್ಟು ನಯವಾಗಿ ಎಂದರೆ, ಗೇರು ಬದಲಾಗಿದ್ದು ಮೇಲೆ ಕೂತವರಿಗೆ ಗೊತ್ತೇ ಆಗಲಿಲ್ಲ. ಅದಕ್ಕೇ ಅವರಿಗೆ ಹೆಚ್ಚು ನೋವಾಯಿತು. ಹೊಸ ಪಂಚೆ, ಜರಿ ಶಲ್ಯದಲ್ಲಿ ಮೆರವಣಿಗೆಯ ಮದುಮಗನಂತೆ ಕೂತ ಅವರಿಗೆ ಬಸ್ ಸ್ಟಾಪಿನಲ್ಲಿದ್ದ ಹುಡುಗಿಯರು ಕೈಬೀಸಿದರು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಾವು ಏರತೊಡಗಿತು.

"ಮಂಗಳಾ! ಬಿಸಿ ಆಗ್ತಿದೆ ಕಣೇ!"

ಸರ್ವಮಂಗಳಾ ಕಿಟಕಿಯಿಂದ ತಲೆ ಹೊರಹಾಕಿದರು. "ನೀರು ಹಾಕ್ಬೇಕಾದ್ರೆ ಬಾನೆಟ್ ಎತ್ಬೇಕು. ಎತ್ತಿದ್ರೆ ಇಳಿಸೋರ್ಯಾರು? ಶಲ್ಯ ಮಡಚಿ ಹಾಕ್ಕೊಂಡು ಕೂತ್ಕೊಳ್ಳಿ."

ಕತ್ರಿಗುಪ್ಪೆ ತಿರುವಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಸರ್ವಮಂಗಳಾ ವ್ಯಾನಿಟಿ ಬ್ಯಾಗಿನಿಂದ ಲೈಸೆನ್ಸ್ ತೆಗೆದು ತೋರಿಸಿದರು. ಅವನು ಅದನ್ನು ನೋಡಿ, ಮೇಲೆ ಕೂತವರನ್ನೂ ನೋಡಿದ.

"ಇವರ್ಯಾರಮ್ಮಾ?"

"ನಮ್ಮ ಯಜಮಾನರು ಸಾರ್."

"ಅಲ್ಲ್ಯಾಕೆ ಕೂತಿದ್ದಾರೆ?"

"ಭಾರಕ್ಕೆ."

ಪೊಲೀಸಿನವನು ಏನೋ ಕೇಳಲು ಬಾಯಿ ತೆರೆದ. ಅವನೂ ಸಂಸಾರಸ್ಥನಿರಬೇಕು, "ನಿಧಾನಕ್ಕೆ ಹೋಗಮ್ಮ," ಎಂದಷ್ಟೇ ಹೇಳಿ ದಾರಿ ಬಿಟ್ಟ.

ಹೊಸ ಮನೆಯ ಮುಂದೆ ಚಪ್ಪರದಡಿ ಇದ್ದ ನೆಂಟರೆಲ್ಲ ಎದ್ದು ನಿಂತರು. ಜಯದೇವಪ್ಪನವರು ಮುಖ ಬೇರೆಡೆ ತಿರುಗಿಸಿಕೊಂಡು ಜಾರಿ ಇಳಿದರು. ಅವರ ಹಿಂದೆಯೇ ಬಾನೆಟ್ಟು ಢಮಾರೆಂದು ಎದ್ದು ನಿಂತು ಇಡೀ ಸಭೆಗೆ ಸಲಾಂ ಹೊಡೆಯಿತು.

"ಭಾವ! ಸಖತ್ತಾಗಿ ಏಳತ್ತಲ್ಲ!" ಎಂದ ಗೌರೀಶಂಕರ, ನಿಜವಾದ ಮೆಚ್ಚಿಗೆಯಿಂದ.

ಸರ್ವಮಂಗಳಾ ಹಾಲು ಉಕ್ಕಿಸಿದರು. ಹೆಂಗಸರೆಲ್ಲ ಅವರನ್ನು ಸುತ್ತುವರಿದು ಕ್ಲಚ್ಚು ಗೇರಿನ ವಿಷಯ ಕೇಳಿದರು. ಜಯದೇವಪ್ಪನವರನ್ನು ಯಾರೂ ಏನೂ ಕೇಳಲಿಲ್ಲ. ಅವರಿಗೆ ಕೂರಲೂ ಸ್ವಲ್ಪ ಕಷ್ಟವಾಗಿತ್ತು. ಊಟದ ಪಂಕ್ತಿಯಲ್ಲಿ ಗೌರೀಶಂಕರ ಹೋಳಿಗೆ ಬಡಿಸುತ್ತಾ ಹತ್ತಿರ ಬಂದ.

"ಭಾವ, ಚಪ್ಪರದ ಹಗ್ಗ ಉಳಿದಿದೆ. ವಾಪಸ್ ಹೋಗುವಾಗ ಬಾನೆಟ್ ಬಿಗಿದು ಕಟ್ಟಿಬಿಡೋಣ. ನೀವು ಆರಾಮಾಗಿ ಒಳಗೆ ಕೂತು ಹೋಗಿ."

ಜಯದೇವಪ್ಪನವರ ಮುಖ ಅರಳಿತು. ಆದರೆ ಪಕ್ಕದಲ್ಲಿ ಕೂತಿದ್ದ ಸರ್ವಮಂಗಳಾ ಒಪ್ಪಲಿಲ್ಲ.

"ಹಗ್ಗ ಎಲ್ಲ ಬೇಡ ಗೌರೀಶಂಕರ. ದಾರೀಲಿ ಕಿತ್ತುಹೋದ್ರೆ ಏನು ಗತಿ? ಇವರಾದ್ರೆ ನಂಬಬಹುದು."

ಮದುವೆಯಾದಾಗಿನಿಂದ ಆ ಬಾಯಿಂದ ಇಂಥದೊಂದು ಮಾತು ಬರಲೆಂದು ಕಾದಿದ್ದವರು ಜಯದೇವಪ್ಪನವರು. ಅವರು ಹೆಂಡತಿಯ ಮುಖವನ್ನೊಮ್ಮೆ ನೋಡಿದರು. ಆಕೆ ತಮಾಷೆ ಮಾಡುತ್ತಿರಲಿಲ್ಲ. ಹಗ್ಗವನ್ನು ಪಕ್ಕಕ್ಕಿಡುವಂತೆ ಷಡ್ಡಕನಿಗೆ ಸನ್ನೆ ಮಾಡಿ, ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು.

"ಇನ್ನೆರಡು ಹೋಳಿಗೆ ಹಾಕಿ," ಎಂದರು. "ತೂಕ ಕಮ್ಮಿ ಆಗ್ಬಾರ್ದು."