ಎರಡನೆಯ ಬನ್ಸ್

ಲೀಲಾಧರನ ಹೊಟ್ಟೆಕಿಚ್ಚಿಗೆ ಕಾರಣ ಒಂದು ಬನ್ಸ್.

ಉಡುಪಿಯ ಕಾಲೇಜೊಂದರ ಫುಟ್ಬಾಲ್ ತಂಡದಲ್ಲಿ ಪಂದ್ಯ ಮುಗಿದ ಮೇಲೆ ಬಾಳೆಹಣ್ಣು ಕಲಸಿ ಪೂರಿಯ ಹಾಗೆ ಕರಿದ ಬನ್ಸ್ ತಲೆಗೊಂದು, ಒಂದು ಲೋಟ ಚಹಾ ಕೊಡುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಗೋಲು ಹೊಡೆದವನಿಗೂ ಒಂದೇ, ಬೆಂಚಿನ ಮೇಲೆ ಕೂತು ಆಕಳಿಸಿದವನಿಗೂ ಒಂದೇ. ಹೀಗಿರುವಾಗ ಎಪ್ಪತ್ತೆಂಟರ ಮಳೆಗಾಲದಲ್ಲಿ ಡ್ರಿಲ್ ಮಾಸ್ಟ್ರು ಭುಜಂಗರಾಯರು ಎಲ್ಲರ ಕಣ್ಣೆದುರೇ ಶುಕೂರನ ತಟ್ಟೆಗೆ ಎರಡನೆಯ ಬನ್ಸ್ ಹಾಕಿಬಿಟ್ಟರು.

ಶುಕೂರ ಕಾಪುವಿನ ಹುಡುಗ, ತಂಡದ ಎಕ್ಸ್‌ಟ್ರಾ ಪ್ಲೇಯರ್. ಮಾಸ್ಟ್ರು ಅವನನ್ನು ಮೈದಾನದ ನಡುವೆ ನಿಲ್ಲಿಸಿ ಒಂದೇ ಒಂದು ಕೆಲಸ ಕೊಟ್ಟಿದ್ದರು. ಎದುರಿನ ಗೋಲ್‌ಕೀಪರ್ ಆಕಾಶಕ್ಕೆ ಒದ್ದ ಚೆಂಡು ಇಳಿಯುವಾಗ ಅದರ ಕೆಳಗೆ ಹೋಗಿ ತಲೆ ಕೊಡುವುದು. ಮಳೆನೀರು ಕುಡಿದ ಚರ್ಮದ ಚೆಂಡು ಹಲಸಿನಕಾಯಿಯ ಹಾಗೆ ಬೀಳುತ್ತಿತ್ತು. ಹಿಂದಿನ ವರ್ಷ ಅದರ ಕೆಳಗೆ ನಿಂತ ಒಳ್ಳೆಯ ಆಟಗಾರನೊಬ್ಬನ ಮುಂದಿನ ಹಲ್ಲು ಹೋಗಿತ್ತು. ಅಂದಿನಿಂದ ಮಾಸ್ಟ್ರು ಖಾಯಂ ಆಟಗಾರರ ತಲೆಗಳನ್ನು ಉಳಿಸಿಕೊಂಡು ಎಕ್ಸ್‌ಟ್ರಾ ತಲೆಯನ್ನು ಖರ್ಚು ಮಾಡುತ್ತಿದ್ದರು. ಆ ತಲೆಯ ದುರಸ್ತಿಗೆಂದೇ ಎರಡನೆಯ ಬನ್ಸ್.

ಅಷ್ಟಕ್ಕೇ ನಿಂತಿದ್ದರೆ ಲೀಲಾಧರ ಸಹಿಸಿಕೊಳ್ಳುತ್ತಿದ್ದನೇನೋ. ಅವನು ಇನ್ನಂಜೆಯವನು, ತಂಡದ ಸೆಂಟರ್ ಫಾರ್ವರ್ಡ್, ಆ ವರ್ಷ ಗೋಲುಗಳೆಲ್ಲ ಹೆಚ್ಚುಕಡಿಮೆ ಅವನವೇ. ಆದರೂ ಜನ ಕೂಗುವುದು ಶುಕೂರನ ಹೆಸರನ್ನು. ಚೆಂಡು ಮೇಲೆ ಹೋದ ಕೂಡಲೇ ಮೈದಾನವಿಡೀ ಉಸಿರು ಹಿಡಿಯುವುದೇನು, ತಲೆಗೆ ತಗಲಿದ ಸದ್ದು ಕೇಳಿ ಹೆಣ್ಣುಮಕ್ಕಳೆಲ್ಲ ಕೊಡೆ ಎತ್ತಿ ಕುಣಿಯುವುದೇನು! ಗೋಲು ಹೊಡೆದವನು ಕೈ ಎತ್ತಿಕೊಂಡು ಓಡಿದರೆ ನೋಡುವವರಿರಲಿಲ್ಲ. ತಲೆಯಲ್ಲಿ ಏನೂ ಇಲ್ಲದ್ದರಿಂದಲೇ ಅವನಿಗೆ ನೋವಾಗುವುದಿಲ್ಲ ಎಂದು ಲೀಲಾಧರ ಕಂಡಕಂಡವರಲ್ಲಿ ಹೇಳಿ ನೋಡಿದ. ಯಾರೂ ನಗಲಿಲ್ಲ.

ಫೈನಲ್ ಕಾರ್ಕಳದಲ್ಲಿತ್ತು. ಬೆಳಿಗ್ಗೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ತಂಡ ಬಸ್ಸಿಗೆ ಕಾಯುತ್ತಿದ್ದಾಗ ಕರುಣಾಕರ ಮಾವ ಕೊಡೆ ಬೀಸುತ್ತ ಬಂದರು. ಅವರು ಲೀಲಾಧರನ ತಾಯಿಯ ತಮ್ಮ, ಮಣಿಪಾಲದ ಬ್ಯಾಂಕೊಂದರಲ್ಲಿ ಗುಮಾಸ್ತ. ಬ್ಯಾಂಕಿನ ಫುಟ್ಬಾಲ್ ತಂಡಕ್ಕೆ ಒಬ್ಬ ಹುಡುಗನನ್ನು ತೆಗೆದುಕೊಳ್ಳುತ್ತಾರೆ, ಖಾಯಂ ಕೆಲಸ, ಆರಿಸುವ ಸಾಹೇಬರು ಇವತ್ತು ಆಟ ನೋಡಲು ಬರುತ್ತಾರೆ ಎಂದರು. ಎರಡು ಸಲ ಬರೆದರೂ ಬಿ.ಕಾಂ. ಲೀಲಾಧರನಿಗೆ ಒಲಿದಿರಲಿಲ್ಲ. ಬ್ಯಾಂಕಿನ ಕುರ್ಚಿ ಅವನಿಗೆ ಸಿಗುವುದಿದ್ದರೆ ಕಾಲಿನಿಂದಲೇ ಸಿಗಬೇಕಿತ್ತು.

ಹೊರಡುವ ಮುಂಚೆ ಮಾವ ಸ್ವರ ತಗ್ಗಿಸಿದರು. "ಒಂದು ವಿಷಯ ಉಂಟು ಮಾರಾಯ. ಕಿಕ್ಕಿಗೆ ತಲೆ ಕೊಡುವ ಹುಡುಗ ಯಾರು, ಯಾರು ಅಂತ ಸಾಹೇಬರು ಎರಡೆರಡು ಸಲ ಕೇಳಿದರು."

ಅಲ್ಲಿಂದ ಮುಂದೆ ಲೀಲಾಧರನಿಗೆ ಬಸ್ಸು ಮಣಿಪಾಲದ ಗುಡ್ಡ ಹತ್ತಿದ್ದೂ ತಿಳಿಯಲಿಲ್ಲ, ಹಿರಿಯಡಕ ದಾಟಿದ್ದೂ ತಿಳಿಯಲಿಲ್ಲ. ಬನ್ಸ್ ಹೋಯಿತು, ಚಪ್ಪಾಳೆ ಹೋಯಿತು, ಈಗ ಕೆಲಸವೂ ಆ ತಲೆಗೇ! ಕಾರ್ಕಳದಲ್ಲಿ ಇಳಿದವನೇ ಮಾಸ್ಟ್ರನ್ನು ಪಕ್ಕಕ್ಕೆ ಕರೆದ.

"ಸರ್, ಶುಕೂರನಿಗೆ ಹುಷಾರಿಲ್ಲ. ಬಸ್ಸಿನಲ್ಲಿ ತಲೆ ತಿರುಗ್ತದೆ ಹೇಳ್ತಿದ್ದ. ಇವತ್ತು ಅವನ ಕೆಲಸ ನಾನು ಮಾಡ್ತೇನೆ."

"ಮತ್ತೆ ನಿನ್ನ ಜಾಗಕ್ಕೆ ಯಾರು?"

"ಅವನೇ ನಿಲ್ಲಲಿ. ಅಲ್ಲಿ ಎಂತ ಕೆಲಸ ಉಂಟು ಸರ್, ಸುಮ್ಮನೆ ನಿಂತರಾಯ್ತು."

ಇಡೀ ವರ್ಷ ತನ್ನ ಜಾಗದ ಮಹಿಮೆಯನ್ನು ಕೊಂಡಾಡುತ್ತಿದ್ದವನ ಬಾಯಲ್ಲಿ ಇಂಥ ಮಾತು ಬಂದದ್ದಕ್ಕೆ ಮಾಸ್ಟ್ರು ಕರಗಿಹೋದರು. ಹುಡುಗನ ತ್ಯಾಗಬುದ್ಧಿಯನ್ನು ಎಲ್ಲರೆದುರು ಹೊಗಳಿದರು. ಸುದ್ದಿ ಹಬ್ಬಿತು. ಶುಕೂರನಿಗೆ ಒಬ್ಬ ನಿಂಬೆ ಸೋಡಾ ತಂದ, ಇನ್ನೊಬ್ಬ ಓಮದ ನೀರು ಕುಡಿಸಿದ, ಗೋಲ್‌ಕೀಪರ್ ಚೆನ್ನಪ್ಪ ಹೋಟೆಲಿನ ಅಡುಗೆಮನೆಗೇ ನುಗ್ಗಿ ಶುಂಠಿ ಹಾಕಿದ ಮಜ್ಜಿಗೆ ಮಾಡಿಸಿ ತಂದ. ತನಗೆ ಏನಾಗಿದೆ ಎಂದು ಶುಕೂರನಿಗೇ ಗೊತ್ತಿರಲಿಲ್ಲ. ಕೊಟ್ಟವರ ಮನಸ್ಸು ನೋಯಬಾರದೆಂದು ಎಲ್ಲವನ್ನೂ ಕುಡಿದು, ದೊಡ್ಡದಾಗಿ ತೇಗಿ, ಹೊಸ ಹುರುಪಿನಿಂದ ಮೈದಾನಕ್ಕಿಳಿದ.

ಎದುರಿನ ಗೋಲ್‌ಕೀಪರ್ ಪೀಟರ್ ಎಂಬವನು. ಅವನ ತೊಡೆ ನೋಡಿದಾಗಲೇ ಲೀಲಾಧರನಿಗೆ ಮನೆ ನೆನಪಾಯಿತು. ಆದರೆ ಬೇಲಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ಬ್ಯಾಂಕಿನ ಸಾಹೇಬರು ಕೂತಿದ್ದರು, ಪಕ್ಕದಲ್ಲಿ ಮಾವ ಕೊಡೆ ಹಿಡಿದು ನಿಂತಿದ್ದರು. ಪೀಟರ್ ಒದ್ದ. ಚೆಂಡು ಮೋಡದ ಹತ್ತಿರ ಹೋಗಿ, ಸ್ವಲ್ಪ ಹೊತ್ತು ಆಲೋಚಿಸಿ, ಇಳಿಯಿತು. ಲೀಲಾಧರ ಕಣ್ಣು ಮುಚ್ಚಿ ತಲೆ ಕೊಟ್ಟ. ಕಣ್ಣು ತೆರೆದಾಗ ಅವನು ಕೆಸರಿನಲ್ಲಿ ಕೂತಿದ್ದ, ಜನ ಅವನ ಹೆಸರು ಕೂಗುತ್ತಿದ್ದರು. ಆಹಾ, ಎಂಥ ಸುಖ! ಮಾವ ಕೊಡೆಯ ತುದಿಯಿಂದ ಅವನತ್ತ ತೋರಿಸಿ ಸಾಹೇಬರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಸಾಹೇಬರು ತಲೆಯಾಡಿಸಿದರು.

ಎರಡನೆಯ ಚೆಂಡು ಮೂಗಿಗೆ ಬಿತ್ತು. ಮೂರನೆಯದು ದವಡೆಗೆ. ಸಾಕು ಬಾ ಎಂದು ಮಾಸ್ಟ್ರು ಕರೆದರೂ ಅವನು ಬರಲಿಲ್ಲ. ಸಾಹೇಬರು ನೋಡುತ್ತಿರುವಷ್ಟು ಹೊತ್ತು ಅವನು ಯಾವ ಚೆಂಡನ್ನೂ ಬಿಡಲಿಲ್ಲ. ಅತ್ತ ಮುಂದೆ ಸುಮ್ಮನೆ ನಿಂತಿರಬೇಕಾಗಿದ್ದ ಶುಕೂರ, ಲೀಲಾಧರನ ತಲೆಯಿಂದ ಚಿಮ್ಮಿದ ಚೆಂಡನ್ನು ಎರಡು ಸಲ ಕಾಲಲ್ಲೇ ಒಯ್ದು ಗೋಲಿನೊಳಕ್ಕೆ ಹಾಕಿಬಂದ.

ಕಪ್ ಗೆದ್ದು ತಂಡ ಹೋಟೆಲಿನಲ್ಲಿ ಕೂತಾಗ ಮಾವ ಬಂದರು. ಮುಖ ಸಪ್ಪೆಯಾಗಿತ್ತು.

"ಶುಕೂರನನ್ನು ತೆಗೊಂಡರು," ಎಂದರು.

ಲೀಲಾಧರ ಊದಿದ ಬಾಯಿಯಲ್ಲಿ ಏನೋ ಕೇಳಿದ. ಸಾಹೇಬರಿಗೆ ಬೇಕಾಗಿದ್ದದ್ದು ತಲೆ ಕೊಡುವ ಹುಡುಗ ಅಲ್ವಾ ಎಂದಿರಬೇಕು.

"ತಲೆ ಕೊಡುವವ ಯಾರು ಅಂತ ಕೇಳಿದ್ದು ಅವನನ್ನು ಬಿಡಲಿಕ್ಕೆ ಅಂತೆ. ಬ್ಯಾಂಕಿನಲ್ಲಿ ಲೆಕ್ಕದ ಕೆಲಸ, ಅಷ್ಟು ಪೆಟ್ಟು ತಿಂದ ತಲೆ ಆಗುದಿಲ್ಲ ಅಂದರು. ನನಗೆಂತ ಗೊತ್ತು ಮಾರಾಯ? ನಾನೇ ನಿನ್ನನ್ನು ತೋರಿಸಿ, ಆ ಹುಡುಗ ಇವನೇ, ನನ್ನ ಅಳಿಯ ಅಂತ ಹೇಳಿಬಿಟ್ಟೆ."

ಅಷ್ಟರಲ್ಲಿ ಭುಜಂಗರಾಯರು ಬಂದು ಲೀಲಾಧರನ ಬೆನ್ನು ತಟ್ಟಿದರು. ಇಂಥ ಗಟ್ಟಿ ತಲೆಯನ್ನು ಇಷ್ಟು ದಿನ ಫಾರ್ವರ್ಡಿನಲ್ಲಿ ಹಾಳು ಮಾಡಿದೆ, ಇನ್ನು ಮುಂದೆ ನಿನ್ನ ಜಾಗ ಇದೇ ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಆಮೇಲೆ ತಮ್ಮ ಕೈಯಾರೆ ಅವನ ತಟ್ಟೆಗೆ ಒಂದು ಬನ್ಸ್ ಹಾಕಿ, ಅದರ ಮೇಲೆ ಎರಡನೆಯದನ್ನೂ ಇಟ್ಟರು.

ಬಿಸಿ ಬನ್ಸ್, ಪರಿಮಳ ಮೂಗಿಗೆ ಬಡಿಯುತ್ತಿತ್ತು. ಲೀಲಾಧರ ಬಾಯಿ ತೆರೆಯಲು ನೋಡಿದ. ದವಡೆ ಅಲುಗಲಿಲ್ಲ.

ಪಕ್ಕದಲ್ಲಿ ತನ್ನ ಒಂದು ಬನ್ಸ್ ಮುಗಿಸಿದ್ದ ಶುಕೂರ ಸ್ವಲ್ಪ ಹೊತ್ತು ಮರ್ಯಾದೆಯಿಂದ ಕಾದ.

"ಲೀಲಣ್ಣ," ಎಂದ ಮೆಲ್ಲಗೆ, "ಅದು ತಣ್ಣಗಾಗ್ತದಲ್ವಾ?"