ನಾಲ್ಕು ಬೆರಳು ಇಳಿದ ನೀರು

"ಬರೋ ಭಾನುವಾರ, ಇದೇ ಮನೆಯ ಹಿತ್ತಿಲಲ್ಲಿ, ಹಾಡಹಗಲಲ್ಲಿ, ನೀರು ನಾಲ್ಕು ಬೆರಳು ಇಳಿಯುತ್ತೆ! ಇಳೀದೇ ಹೋದ್ರೆ ನಾನು ಭೌತಶಾಸ್ತ್ರದ ಮೇಷ್ಟ್ರೇ ಅಲ್ಲ!"

ಫೋನು ಕೆಳಗಿಟ್ಟು ಮೇಷ್ಟ್ರು ಹೀಗೆ ಗುಡುಗಿದಾಗ ಕೇಳಿಸಿಕೊಂಡ ಜೀವಗಳು ಎರಡೇ. ಒಂದು, ಸೋಫಾದ ಮೇಲೆ ಮಲಗಿದ್ದ ಬೆಕ್ಕು. ಅದು ಒಂದು ಕಿವಿ ಅಲ್ಲಾಡಿಸಿ ಇನ್ನೊಂದು ಮಗ್ಗುಲಿಗೆ ಹೊರಳಿತು. ಇನ್ನೊಂದು, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದ ಹೆಂಡತಿ.

"ಮೇಷ್ಟ್ರು ಅಲ್ಲದೆ ಎರಡು ವರ್ಷ ಆಯ್ತಲ್ರೀ," ಎಂದರು ಅವರು, ತಲೆ ಎತ್ತದೆ. "ಯಾರದು ಫೋನು?"

"ಕೊಕ್ಕರೆ!"

ಕೊಕ್ಕರೆ ಎಂದರೆ ಹಕ್ಕಿಯಲ್ಲ. ಇಪ್ಪತ್ತೈದು ವರ್ಷದ ಹಿಂದೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಕಾಲು ಎಲ್ಲಿಡುವುದೆಂದು ತಿಳಿಯದೆ ಮುಂದಿನ ಬೆಂಚಿನವನ ತೊಡೆಯ ಮೇಲಿಡುತ್ತಿದ್ದ ಹುಡುಗ. ಈಗ ಊರಿಗೆಲ್ಲ ನೀರು ಬಿಡುವ ಕಚೇರಿಯಲ್ಲಿ ಇಂಜಿನಿಯರು. ಅಂಥವನು ಫೋನು ಮಾಡಿ ಕೇಳಿದ್ದಾದರೂ ಏನು!

"ಸಾರ್, ಆ ದೋಣಿ ಮತ್ತು ಕಲ್ಲಿನ ಪ್ರಯೋಗ ನಮ್ಮ ಆಫೀಸಲ್ಲಿ ಮಾಡಿ ತೋರಿಸ್ದೆ ಸಾರ್. ನೀರು ಇಳೀತು, ಆದ್ರೆ ಕೂದಲೆಳೆಯಷ್ಟು. ಎಲ್ಲರೂ ನಕ್ಕರು. ನೀವು ತೋರಿಸಿದಾಗ ನಾಲ್ಕು ಬೆರಳು ಇಳಿದಿತ್ತಲ್ಲ ಸಾರ್? ಇಳಿದಿತ್ತು ತಾನೆ? ಅಥವಾ ನನಗೇ ಹಾಗೆ ನೆನಪೋ?"

ಅಥವಾ! ಆ ಒಂದು 'ಅಥವಾ' ಮೇಷ್ಟ್ರ ಎದೆಗೆ ಮುಳ್ಳಿನಂತೆ ನಾಟಿತ್ತು. ಮೂವತ್ತೊಂದು ವರ್ಷ ಪಾಠ ಮಾಡಿದ್ದರು. ಅದರಲ್ಲಿ ಹುಡುಗರ ತಲೆಯಲ್ಲಿ ಉಳಿದದ್ದು ಎಷ್ಟೋ, ಅಳಿದದ್ದು ಎಷ್ಟೋ. ಆದರೆ ಈ ದೋಣಿ ಮತ್ತು ಕಲ್ಲು ಮಾತ್ರ ಯಾರಿಗೂ ಮರೆತಿರಲಿಲ್ಲ. ಬಸ್ಸಿನಲ್ಲಿ ಸಿಕ್ಕ ಹಳೇ ವಿದ್ಯಾರ್ಥಿ ಎದ್ದು ಸೀಟು ಬಿಟ್ಟುಕೊಡುತ್ತಿದ್ದರೆ ಅದು ಆ ನಾಲ್ಕು ಬೆರಳಿನ ಪುಣ್ಯ. ಈಗ ಅದಕ್ಕೇ ಕುತ್ತು!

ಪ್ರಶ್ನೆ ಇಷ್ಟೇ. ಒಂದು ತೊಟ್ಟಿ, ಅದರಲ್ಲಿ ನೀರು. ನೀರಿನಲ್ಲಿ ಒಂದು ಪುಟ್ಟ ದೋಣಿ, ದೋಣಿಯಲ್ಲಿ ಒಂದು ಕಲ್ಲು. ಕಲ್ಲನ್ನು ಎತ್ತಿ ನೀರಿಗೆ ಹಾಕಿದರೆ ತೊಟ್ಟಿಯ ನೀರು ಏರುತ್ತದೋ, ಇಳಿಯುತ್ತದೋ, ಇದ್ದಷ್ಟೇ ಇರುತ್ತದೋ?

ಇಡೀ ತರಗತಿ "ಏರುತ್ತೆ ಸಾರ್!" ಎಂದು ಕೂಗುತ್ತಿತ್ತು. ಜಾಣರು ಎರಡು ನಿಮಿಷ ಯೋಚಿಸಿ "ಅಷ್ಟೇ ಇರುತ್ತೆ" ಎನ್ನುತ್ತಿದ್ದರು. ಮೇಷ್ಟ್ರು ಮೀಸೆಯಡಿಯಲ್ಲಿ ನಕ್ಕು, ಕೋಟಿನ ತೋಳು ಮಡಚಿ, ಮಾಂತ್ರಿಕನ ಗತ್ತಿನಲ್ಲಿ ಗಾಜಿನ ತೊಟ್ಟಿಯ ಮುಂದೆ ನಿಲ್ಲುತ್ತಿದ್ದರು. ಸ್ಪಿರಿಟ್ ದೀಪದ ವಾಸನೆ, ಸೀಮೆಸುಣ್ಣದ ಧೂಳು, ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು. ಪಕ್ಕದಲ್ಲಿ ಕಲ್ಲಿನ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ನಿಂತ ಲ್ಯಾಬಿನ ಸಹಾಯಕಿ. ಹುಡುಗರ ಬಾಯಲ್ಲಿ 'ಲ್ಯಾಬಕ್ಕ'. ಮೇಷ್ಟ್ರು ಕಲ್ಲನ್ನು ನೀರಿಗೆ ಬಿಟ್ಟು, ತಿರುಗಿ, ತರಗತಿಯನ್ನು ನೋಡುತ್ತಾ ಕಾರಣ ವಿವರಿಸುತ್ತಿದ್ದರು: ದೋಣಿಯಲ್ಲಿದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಮುಳುಗಿದ ಮೇಲೆ ತನ್ನ ಗಾತ್ರದಷ್ಟನ್ನು ಮಾತ್ರ. ಅಷ್ಟರಲ್ಲಿ ಕೊನೆಯ ಬೆಂಚಿನಿಂದ "ಹೋ!" ಎಂಬ ಉದ್ಗಾರ. ನೀರು ಸರಸರನೆ ನಾಲ್ಕು ಬೆರಳು ಇಳಿದಿರುತ್ತಿತ್ತು!

ಒಮ್ಮೆ ಅವರು ಲೆಕ್ಕ ಹಾಕಿ ನೋಡಿದ್ದೂ ಉಂಟು. ಲೆಕ್ಕದ ಪ್ರಕಾರ ಅರ್ಧ ಬೆರಳು ಬಂದಿತ್ತು. ಆದರೆ ಕಣ್ಣೆದುರಿಗೇ ನಾಲ್ಕು ಬೆರಳು ಇಳಿಯುತ್ತಿರುವಾಗ ಲೆಕ್ಕವನ್ನು ಯಾರು ಕೇಳುತ್ತಾರೆ! ಕಲ್ಲು ವಿಶೇಷವಾದದ್ದಿರಬೇಕು ಎಂದುಕೊಂಡು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಆ ಪ್ರಯೋಗ ಮೊದಲ ಬಾರಿ ಗೆದ್ದ ಸಂಜೆಯೇ ಅವರಿಗೆ ಬೇರೆ ಧೈರ್ಯವೂ ಬಂದದ್ದು. ಗೆದ್ದ ಅಮಲಿನಲ್ಲಿ, ಗಾಜಿನ ಕೊಳವೆ ತೊಳೆಯುತ್ತಿದ್ದ ಲ್ಯಾಬಕ್ಕನ ಮುಂದೆ ನಿಂತು "ನೀವು ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿಬಿಟ್ಟಿದ್ದರು. ಒಂದು ಕೊಳವೆ ಒಡೆಯಿತು. ಉತ್ತರ 'ಹೂಂ' ಎಂದು ಬಂತು. ಆ ಲ್ಯಾಬಕ್ಕನೇ ಈಗ ಸೂಜಿಗೆ ದಾರ ಪೋಣಿಸುತ್ತಿದ್ದವರು.

ಬುಧವಾರ ತಾಲೀಮು ಶುರುವಾಯಿತು. ಬಕೆಟ್ಟು, ಅದರಲ್ಲಿ ಊಟದ ಡಬ್ಬಿಯ ದೋಣಿ, ಅದರಲ್ಲಿ ಬೀರುವಿನಿಂದ ಹೊರಬಂದ ವಿಶೇಷ ಕಲ್ಲು. ನೀರು ಇಳಿಯಿತು. ಮೇಷ್ಟ್ರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಮಂಡಿಯೂರಿ ನೋಡಿದರು. ಅರ್ಧ ಬೆರಳೂ ಇಲ್ಲ!

"ಬಕೆಟ್ಟು ಸರಿಯಿಲ್ಲ," ಎಂದು ತೀರ್ಪು ಕೊಟ್ಟರು.

"ಪಾಪ, ಬಕೆಟ್ಟು ಏನು ಮಾಡ್ತು?" ಎಂದರು ಹೆಂಡತಿ, ಬಟ್ಟೆ ಒಣಹಾಕುತ್ತಾ. "ಬೇಕಾದ್ರೆ ನಾನು ಪಕ್ಕದಲ್ಲಿ ನಿಂತ್ಕೊಳ್ಲಾ? ಸ್ಕೂಲಲ್ಲಿ ನಿಂತ್ಕೋತಿದ್ನಲ್ಲ."

"ನೀನು ನಿಂತ್ರೆ ನೀರು ಇಳಿಯುತ್ತೇನೇ? ಪ್ರಯೋಗ ಮಾಡ್ತಿದ್ದೋನು ನಾನು. ನೀನು ತಟ್ಟೆ ಹಿಡ್ಕೊಂಡು ನಿಂತಿದ್ದೆ, ಅಷ್ಟೆ!"

"ಅದೂ ಸರಿ," ಎಂದು ಅವರು ಬಟ್ಟೆಯ ಕ್ಲಿಪ್ಪೊಂದನ್ನು ಬೆರಳುಗಳ ನಡುವೆ ಒತ್ತಿ, ಬಿಟ್ಟು, ಒತ್ತಿ, ಒಳಗೆ ಹೋದರು. ಮೇಷ್ಟ್ರಿಗೆ ಆ ಕ್ಲಿಪ್ಪು ಏನನ್ನೂ ಹೇಳಲಿಲ್ಲ.

ಗುರುವಾರ ಬಕೆಟ್ಟು ಹೋಗಿ ಸ್ನಾನದ ಹಂಡೆ ಬಂತು. ಶುಕ್ರವಾರ ಹಂಡೆ ಹೋಗಿ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಸಿಮೆಂಟ್ ತೊಟ್ಟಿಗೇ ಪಟ್ಟ ಕಟ್ಟಲಾಯಿತು. ದೊಡ್ಡ ಪ್ರಯೋಗಕ್ಕೆ ದೊಡ್ಡ ತೊಟ್ಟಿ! ನೀರು ಮಾತ್ರ ದೊಡ್ಡ ತೊಟ್ಟಿಯಲ್ಲಿ ಇನ್ನೂ ಕಡಿಮೆ ಇಳಿಯಿತು. ಮೇಷ್ಟ್ರು ಕಾಗದ, ಪೆನ್ಸಿಲ್ಲು ಹಿಡಿದು ಕೂತರು. ಈ ತೊಟ್ಟಿಯಲ್ಲಿ ನಾಲ್ಕು ಬೆರಳು ಇಳಿಯಬೇಕಾದರೆ ಅರವತ್ತು ಕಿಲೋ ಕಬ್ಬಿಣ ಬೇಕು ಎಂದು ಉತ್ತರ ಬಂತು. ಸರಿ, ಅರವತ್ತು ಕಿಲೋ ಕಬ್ಬಿಣ!

ಶನಿವಾರ ಹೆಂಡತಿ ಮಾರ್ಕೆಟ್ಟಿಗೆ ಹೋದದ್ದೇ ತಡ, ಮನೆಯಲ್ಲಿ ಕಬ್ಬಿಣದ ಹೆಸರಿನಲ್ಲಿ ಇದ್ದದ್ದೆಲ್ಲ ಹಿತ್ತಿಲು ಸೇರಿತು. ಇದ್ದಿಲಿನ ಕಾಲದ ಇಸ್ತ್ರಿ ಪೆಟ್ಟಿಗೆ. ಅಳಿಯ ಉತ್ಸಾಹದಲ್ಲಿ ಕೊಂಡು, ನಿರುತ್ಸಾಹದಲ್ಲಿ ಇಲ್ಲೇ ಬಿಟ್ಟುಹೋಗಿದ್ದ ಡಂಬೆಲ್ಲುಗಳು. ಪಕ್ಕದ ಕಿರಾಣಿ ಅಂಗಡಿಯವರ ಅಟ್ಟದಿಂದ ತಂದ ಹಳೇ ತೂಕದ ಕಲ್ಲುಗಳು. ಆದರೂ ಹನ್ನೆರಡು ಕಿಲೋ ಕಡಿಮೆ ಬಿತ್ತು. ಮೇಷ್ಟ್ರ ಕಣ್ಣು ಹೊಲಿಗೆ ಯಂತ್ರದ ಮೇಲೆ ಹೋಯಿತು. ಅಪ್ಪಟ ಕಬ್ಬಿಣ! ಮದುವೆಯ ಮೊದಲ ವಾರ್ಷಿಕೋತ್ಸವಕ್ಕೆ ತಾವೇ ಕೊಡಿಸಿದ್ದು! ಕೊಡಿಸಿದವರಿಗೆ ಒಂದು ಗಂಟೆ ಎರವಲು ಪಡೆಯುವ ಹಕ್ಕಿಲ್ಲವೇ? ಭಾನುವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯಲ್ಲಿದ್ದಾಗ ಎರಡು ಸ್ಕ್ರೂ ಬಿಚ್ಚಿ ಯಂತ್ರದ ತಲೆಯನ್ನು ಎತ್ತಿಕೊಂಡು ಹೋದರು, ಮಗುವನ್ನು ಎತ್ತಿಕೊಂಡಂತೆ, ಬಲು ನಾಜೂಕಾಗಿ.

ಕೊಕ್ಕರೆ ಹತ್ತು ಗಂಟೆಗೆ ಬಂದ. ಕಾಲು ಹಾಗೇ ಇತ್ತು, ಕೂದಲು ಹೋಗಿತ್ತು. ಮಿರಮಿರ ಮಿಂಚುವ ಬೂಟು.

"ನಮಸ್ಕಾರ ಸಾರ್. ಅಕ್ಕ ಎಲ್ಲಿ?"

"ಅಕ್ಕ ಆಮೇಲೆ! ಮೊದಲು ಇಲ್ಲಿ ನಿಂತ್ಕೊ. ಈ ಸೀಮೆಸುಣ್ಣದ ಗೆರೆ ನೋಡ್ತಾ ಇರು. ಕಣ್ಣು ಮಿಟುಕಿಸ್ಬೇಡ!"

ತೊಟ್ಟಿಯ ನೀರಿನಲ್ಲಿ ರಗ್ಗು ನೆನೆಹಾಕುವ ದೊಡ್ಡ ಪ್ಲಾಸ್ಟಿಕ್ ಟಬ್ಬು ತೇಲುತ್ತಿತ್ತು. ತೇಲುತ್ತಿತ್ತು ಎನ್ನುವುದಕ್ಕಿಂತ ಇನ್ನೂ ಮುಳುಗಿರಲಿಲ್ಲ ಎನ್ನಬೇಕು. ಮೇಷ್ಟ್ರು ಕೋಟಿನ ತೋಳು ಮಡಚಿದರು. ಮನೆಯಲ್ಲಿ ಕೋಟು ಯಾಕೆ ಎಂದು ಕೇಳಬಾರದು. ತೊಟ್ಟಿಯ ಕಟ್ಟೆ ಹತ್ತಿ, ಬಗ್ಗಿ, ಹೊಲಿಗೆ ಯಂತ್ರವನ್ನು ಎರಡೂ ಕೈಯಿಂದ ಎತ್ತಿದರು.

ಒಂದು ಕಡೆಯ ಭಾರ ಹೋಯಿತು. ಟಬ್ಬು ಇನ್ನೊಂದು ಕಡೆಗೆ ವಾಲಿತು. ಡಂಬೆಲ್ಲುಗಳು ಉರುಳಿದವು, ತೂಕದ ಕಲ್ಲುಗಳು ಅವನ್ನು ಹಿಂಬಾಲಿಸಿದವು, ಇಸ್ತ್ರಿ ಪೆಟ್ಟಿಗೆ ಎಲ್ಲರಿಗಿಂತ ಮುಂದೆ ಓಡಿತು. ಟಬ್ಬಿನ ಅಂಚು ಮೇಷ್ಟ್ರ ಮೊಣಕಾಲಿಗೆ ಬಡಿಯಿತು. ಆ ಕ್ಷಣದಲ್ಲಿ ಯಂತ್ರವನ್ನು ಕೈಬಿಟ್ಟಿದ್ದರೆ ಮೇಷ್ಟ್ರು ಉಳಿಯುತ್ತಿದ್ದರು. ಆದರೆ ಹೆಂಡತಿಯ ಹೊಲಿಗೆ ಯಂತ್ರವನ್ನು ಕೈಬಿಟ್ಟು ಉಳಿದು ತಾನೆ ಏನು ಪ್ರಯೋಜನ?

ಧಬಾರ್!

ಕೋಟು, ಕನ್ನಡಕ, ಯಂತ್ರಸಮೇತ ಭೌತಶಾಸ್ತ್ರ ನೀರು ಪಾಲಾಯಿತು. ಒಂದು ಅಲೆ ಎದ್ದು ಕಟ್ಟೆ ಹಾರಿ ಹಿತ್ತಿಲನ್ನೆಲ್ಲ ತೊಳೆಯಿತು. ಮೇಷ್ಟ್ರು ಮೇಲೆದ್ದು, ಬಾಯಲ್ಲಿದ್ದ ನೀರನ್ನು ಉಗುಳಿ, ಮೊದಲು ಮಾಡಿದ ಕೆಲಸ ಸೀಮೆಸುಣ್ಣದ ಗೆರೆ ಹುಡುಕಿದ್ದು.

"ಇಳೀತು! ನೋಡಿದ್ಯೇನೋ? ನಾಲ್ಕು ಬೆರಳಲ್ಲ, ಒಂದು ಗೇಣು!"

"ಇಳೀತು ಸಾರ್," ಎಂದ ಕೊಕ್ಕರೆ ವಿನಯದಿಂದ. "ಇಳಿದದ್ದೆಲ್ಲ ನನ್ನ ಬೂಟಲ್ಲಿದೆ."

ಸದ್ದಿಗೆ ಓಡಿಬಂದ ಹೆಂಡತಿ ಒಂದು ಕ್ಷಣ ನಿಂತು ನೋಡಿದರು. "ಮೊದಲು ನನ್ನ ಮಷೀನು ಕೊಡಿ," ಎಂದರು. "ಆಮೇಲೆ ನೀವು ಬನ್ನಿ."

ಹತ್ತು ನಿಮಿಷದ ನಂತರ ಮೇಷ್ಟ್ರು ಹಿತ್ತಿಲ ಮೆಟ್ಟಿಲಿನ ಮೇಲೆ ರಗ್ಗು ಹೊದ್ದು ಕೂತಿದ್ದರು. ಪಕ್ಕದಲ್ಲಿ ಬರಿಗಾಲಿನ ಕೊಕ್ಕರೆ. ಅವನ ಕಾಲು ಮೂರು ಮೆಟ್ಟಿಲು ಕೆಳಗಿತ್ತು.

"ಹಾಗಾದ್ರೆ ಅವತ್ತು ನಾವು ನೋಡಿದ್ದೇನು ಸಾರ್?" ಎಂದ ಅವನು ಮೆಲ್ಲಗೆ. "ಆ ನೀರು ಇಳಿದದ್ದು ನೋಡೇ ನಾನು ನೀರಿನ ಕೆಲಸಕ್ಕೆ ಸೇರಿದ್ದು."

ಮೇಷ್ಟ್ರು ಒದ್ದೆ ಕನ್ನಡಕವನ್ನು ರಗ್ಗಿನ ಅಂಚಿಗೆ ಒರೆಸಿದರು. "ಅರ್ಧ ಬೆರಳು ಕಣೋ," ಎಂದರು, ಅಪರಾಧ ಒಪ್ಪಿಕೊಳ್ಳುವವರಂತೆ. "ಲೆಕ್ಕ ಯಾವಾಗ್ಲೂ ಅರ್ಧ ಬೆರಳೇ ಹೇಳ್ತಿತ್ತು. ಮಿಕ್ಕ ಮೂರೂವರೆ ಎಲ್ಲಿಂದ ಬಂತೋ, ನನಗೂ ಗೊತ್ತಿಲ್ಲ."

"ನನಗೆ ಗೊತ್ತು," ಎಂದರು ಹೆಂಡತಿ.

ಇಬ್ಬರೂ ತಿರುಗಿದರು. ಅವರು ಹೊಲಿಗೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತಿದ್ದರು.

"ಆ ಗಾಜಿನ ತೊಟ್ಟಿ ತಳದಲ್ಲಿ ನೀರು ಖಾಲಿ ಮಾಡೋಕೆ ಒಂದು ರಬ್ಬರ್ ಕೊಳವೆ ಇತ್ತಲ್ಲ, ಕ್ಲಿಪ್ಪು ಹಾಕಿರೋದು? ನೀವು ಹುಡುಗರ ಕಡೆ ತಿರುಗ್ತಿದ್ದ ಹಾಗೆ ನಾನು ಟೇಬಲ್ ಕೆಳಗೆ ಬಲಗೈಲಿ ಕ್ಲಿಪ್ಪು ಒತ್ತುತ್ತಿದ್ದೆ. ನೀರು ಬಕೆಟ್ಟಿಗೆ ಹೋಗ್ತಿತ್ತು."

ಮೇಷ್ಟ್ರ ಬಾಯಿ ತೆರೆಯಿತು. ಹೌದು, ಟೇಬಲ್ಲಿನ ಕೆಳಗೆ ಒಂದು ಬಕೆಟ್ಟು ಇರುತ್ತಿತ್ತು! ಮೂವತ್ತೊಂದು ವರ್ಷ ಇತ್ತು! ಎಷ್ಟೋ ಸಲ ಅದಕ್ಕೆ ಎಡವಿ ಬೈದಿದ್ದರು!

"ಯಾಕೇ?"

"ಮೊದಲ್ನೇ ಸಲ ನೀವು ಮಾಡಿದಾಗ ಯಾರಿಗೂ ಕಾಣ್ಲಿಲ್ಲ. ಹಿಂದಿನ ಬೆಂಚಿನವರು ಸಿಳ್ಳೆ ಹೊಡೆದ್ರು. ನೀವು ಸ್ಟೋರ್ ರೂಮಿಗೆ ಬಂದು ಗೋಡೆ ಕಡೆ ಮುಖ ಮಾಡಿ ನಿಂತಿದ್ರಿ. ನನಗೆ ನೋಡೋಕಾಗ್ಲಿಲ್ಲ. ಮಾರನೇ ದಿನ ಎರಡು ಬೆರಳು ನೀರು ಬಿಡೋಣ ಅಂದ್ಕೊಂಡು ಕ್ಲಿಪ್ಪು ಒತ್ತಿದೆ. ನಿಮ್ಮ ಮುಖ ಅರಳಿದ್ದು ನೋಡ್ತಾ ಕ್ಲಿಪ್ಪು ಬಿಡೋದೇ ಮರೆತುಹೋಯ್ತು. ನಾಲ್ಕಾಯ್ತು."

ಮಾರನೇ ದಿನ! ಸಂಜೆ ಆ ಗಾಜಿನ ಕೊಳವೆ ಒಡೆದದ್ದೂ ಅದೇ ದಿನ!

"ಅಂದ್ರೆ, ನಾನು ನಿನ್ನ ಕೇಳಿದ್ದು... ಆ ಧೈರ್ಯ..."

"ಹೂಂ. ಬಕೆಟ್ಟಲ್ಲಿತ್ತು."

ಕೊಕ್ಕರೆ ತೊಟ್ಟಿಯ ಕಡೆ ಮುಖ ತಿರುಗಿಸಿದ. ಭುಜ ಮಾತ್ರ ಕುಲುಕುತ್ತಿತ್ತು.

ಹೆಂಡತಿ ಎದ್ದು ಒಳಗೆ ಹೋಗಿ ಬಿಸ್ಕತ್ತಿನ ಉದ್ದನೆಯ ಗಾಜಿನ ಜಾಡಿ ತಂದರು. ಅದಕ್ಕೆ ನೀರು ತುಂಬಿಸಿ, ಅದರೊಳಗೆ ಪಕ್ಕದಲ್ಲಿ ಒಂದು ಕಲ್ಲು ತೂರುವಷ್ಟೇ ಜಾಗ ಬಿಡುವಂಥ ಸ್ಟೀಲಿನ ಡಬ್ಬಿಯನ್ನು ತೇಲಿಬಿಟ್ಟು, ಡಬ್ಬಿಯಲ್ಲಿ ಅರ್ಧ ಕಿಲೋ ತೂಕದ ಕಲ್ಲು ಇಟ್ಟರು. ನೀರು ಎಲ್ಲಿದೆಯೋ ಅಲ್ಲಿಗೆ ಗೆರೆ ಎಳೆದರು. ಆಮೇಲೆ ಕಲ್ಲನ್ನು ತೆಗೆದು, ದಾರ ಕಟ್ಟಿ, ಡಬ್ಬಿಯ ಪಕ್ಕದಿಂದ ನೀರಿಗೆ ಇಳಿಬಿಟ್ಟರು. ಅದು ತಳ ಮುಟ್ಟಿತು. ನೀರು ಇಳಿಯಿತು. ಪೂರಾ ಎರಡು ಬೆರಳು! ಕೊಳವೆಯಿಲ್ಲ, ಕ್ಲಿಪ್ಪಿಲ್ಲ, ಬಕೆಟ್ಟಿಲ್ಲ!

"ಸಾರ್!" ಎಂದು ಕೊಕ್ಕರೆ ಕೂಗಿದ, ಕೊನೆಯ ಬೆಂಚಿನ ಅದೇ ದನಿಯಲ್ಲಿ. "ನಿಜ ಸಾರ್! ನಿಮ್ಮ ಪಾಠ ನಿಜ!"

"ತೊಟ್ಟಿ ಅಗಲ ಆದಷ್ಟೂ ಇಳಿದದ್ದು ಕಾಣಲ್ಲ," ಎಂದರು ಹೆಂಡತಿ. "ಕಿರಿದಾದ ಜಾಡಿ ಬೇಕು, ಅಷ್ಟೆ."

ಮೇಷ್ಟ್ರು ರಗ್ಗನ್ನು ಬಿಗಿಯಾಗಿ ಹೊದ್ದುಕೊಂಡರು. ಒಂದು ಸಲ ಸೀನಿದರು.

"ಇದು ನಿನಗೆ ಯಾವಾಗ ಗೊತ್ತಾಯ್ತೇ?"

"ಮೊದಲ್ನೇ ವಾರನೇ. ಲ್ಯಾಬಲ್ಲಿ ಇಂಥ ಜಾಡಿ ಆರು ಇದ್ವು."

"ಮತ್ತೆ ಮೂವತ್ತೊಂದು ವರ್ಷ ಯಾಕೇ ಹೇಳ್ಲಿಲ್ಲ?"

ಅವರು ಜಾಡಿಯ ಹೊರಗೆ ಅಂಟಿದ್ದ ಹನಿಯನ್ನು ಸೆರಗಿನಿಂದ ಒರೆಸಿದರು.

"ಹೇಳಿದ್ರೆ, ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳೋಕೆ ನಿಮಗೆ ಬೇರೆ ಏನ್ರೀ ಕಾರಣ ಇತ್ತು?"