ಬೀರುವಿನಲ್ಲಿ ಭದ್ರವಾಗಿದ್ದ ಪ್ರೋಟೀನು

ಇಂದ:
ಸಂಶೋಧನಾ ವಿದ್ಯಾರ್ಥಿನಿ (ಇನ್ನು ಮುಂದೆ ‘ಅರ್ಜಿದಾರಳು’),
ಜೀವಕೋಶ ಪ್ರಯೋಗಾಲಯ, ಲಿಫ್ಟ್ ಕೆಟ್ಟಿರುವ ಕಡೆ.

ಗೆ:
ಮಾನ್ಯ ನಿರ್ದೇಶಕರು,
ಅದೇ ಕಟ್ಟಡ, ಲಿಫ್ಟ್ ಓಡುವ ಕಡೆ.

ವಿಷಯ: ಸಂಶೋಧನೆಗೆಂದು ತರಿಸಿದ ಒಂದು ಸೀಸೆ ಪ್ರೋಟೀನು ಭದ್ರತೆಯಿಂದಾಗಿ ಕೆಟ್ಟುಹೋದ ಬಗ್ಗೆ.

ಉಲ್ಲೇಖ: ಉಗ್ರಾಣದ ಟಿಪ್ಪಣಿ: ‘ಸಾಮಗ್ರಿ ಸುಸ್ಥಿತಿಯಲ್ಲಿದೆ, ಬೀಗ ಹಾಕಲಾಗಿದೆ.’

ಮಾನ್ಯರೇ,

ಮೇಲ್ಕಂಡ ವಿಷಯವನ್ನು ತಮ್ಮ ಕಿವಿಗೆ ಹಾಕಲು ಬೇರೆ ದಾರಿ ಕಾಣದೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಮನುಷ್ಯನ ಮೈಯಲ್ಲಿ ಜೀವಕೋಶಗಳಿಗೆ ‘ಬೆಳೆ’ ಎಂದು ಹೇಳುವ ಅಂಶವೊಂದಿದೆ. ಅದನ್ನು ಹಿಡಿದಿಟ್ಟು ‘ಸಾಕು, ಸುಮ್ಮನಿರು’ ಎನ್ನುವ ಪ್ರೋಟೀನೂ ಇದೆ. ಈ ಎರಡನೆಯದನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸಿ ಸೀಸೆಯಲ್ಲಿ ಮಾರುತ್ತಾರೆ. ಅರ್ಜಿದಾರಳ ಪ್ರಬಂಧದ ಕೊನೆಯ ಪ್ರಯೋಗಕ್ಕೆ ಅದೊಂದು ಸೀಸೆ ಬೇಕಿತ್ತು. ಅದಿಲ್ಲದೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಪದವಿಯಿಲ್ಲ. ಫೆಲೋಶಿಪ್ಪು ಈ ತಿಂಗಳಿಗೆ ಮುಗಿಯುತ್ತದೆ.

೨. ಬೇಡಿಕೆ ಪತ್ರದಲ್ಲಿ ‘ಮಾನವ ಪ್ರೋಟೀನು’ ಎಂದಿದ್ದ ಕಾರಣ, ಯಾವ ಮಾನವ, ಅವನ ಒಪ್ಪಿಗೆ ಪತ್ರ ಎಲ್ಲಿ ಎಂದು ಖರೀದಿ ವಿಭಾಗ ಕೇಳಿತು. ಬ್ಯಾಕ್ಟೀರಿಯಾ ಮಾಡಿದ್ದು ಎಂದು ಉತ್ತರಿಸಿದ ಕಾರಣ, ಹಾಗಾದರೆ ಮಾನವ ಎಂದೇಕೆ ಬರೆದಿರಿ ಎಂದು ಕೇಳಿತು. ಕಂಪನಿಯ ದರಪಟ್ಟಿಯಲ್ಲಿ ‘ಮನುಷ್ಯರ ಬಳಕೆಗಲ್ಲ’ ಎಂಬ ಮುದ್ರೆ ಇದ್ದ ಕಾರಣ, ನೀವು ಮನುಷ್ಯರಲ್ಲವೇ ಎಂದೂ ಕೇಳಿತು. ಈ ಕೊನೆಯ ಪ್ರಶ್ನೆಗೆ ಅರ್ಜಿದಾರಳು ಈಗಲೂ ಉತ್ತರ ಯೋಚಿಸುತ್ತಿದ್ದಾಳೆ.

೩. ಈ ಪತ್ರವ್ಯವಹಾರದ ನಡುವೆ ಅರ್ಜಿದಾರಳಿಗೆ ಹೆಣ್ಣುಮಗುವಾಯಿತು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಆಕೆ ಮತ್ತೆ ಕೆಲಸಕ್ಕೆ ಬಂದಳು. ಅತ್ತೆ ದಿನಾ ಬಾಗಿಲಲ್ಲೇ ವಿಚಾರಿಸುತ್ತಿದ್ದರು: “ಬಂತೇನೇ ನಿನ್ನ ಸೀಸೆ? ನೀನು ಬಸುರಾದೆ, ಹೆತ್ತೆ, ಮಗೂಗೆ ಹಲ್ಲೂ ಬಂತು. ಅದಿನ್ನೂ ಎಲ್ಲಿ ಮೈಮುರೀತಾ ಕೂತಿದೆಯೋ! ಇರ್ಲಿ, ಮಗೂನ ನಾನು ನೋಡ್ಕೋತೀನಿ. ನೀನು ಮಾತ್ರ ಮುಗಿಸ್ದೆ ಮನೆಗೆ ಬರ್ಬೇಡ.”

೪. ಕೊನೆಗೂ ಸೀಸೆ ಬಂತು, ಹೆಪ್ಪುಗಟ್ಟಿದ ಸ್ಥಿತಿಯಲ್ಲಿ, ಡ್ರೈ ಐಸಿನ ಪೆಟ್ಟಿಗೆಯಲ್ಲಿ. ಅರ್ಜಿದಾರಳು ಅಂದು ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದಳು. ಉಗ್ರಾಣಾಧಿಕಾರಿಗಳು ಬಿಲ್ಲಿನಲ್ಲಿ ಐಸ್ ನಮೂದಾಗಿಲ್ಲವೆಂದು ಅದನ್ನು ಹೊರಗೆ ಸುರಿಸಿದರು. ಬೆಲೆಬಾಳುವ ವಸ್ತು ಬೀಗದೊಳಗೇ ಇರಬೇಕೆಂಬ ನಿಯಮವಿದೆ, ಫ್ರೀಜರಿಗೆ ಬೀಗವಿಲ್ಲ. ಆದ್ದರಿಂದ ಕಬ್ಬಿಣದ ಬೀರುವಿನಲ್ಲಿಟ್ಟು, ಅರಗು ಹಾಕಿ ಮುದ್ರೆಯೊತ್ತಿ, ಒಂದು ವಾರದ ರಜೆಯ ಮೇಲೆ ತೆರಳಿದರು. ಬೀರು ಕಿಟಕಿಯ ಪಕ್ಕ, ಬಿಸಿಲು ಬೀಳುವ ಕಡೆ ಇದೆ.

೫. ಮರಳಿ ಬಂದವರು ಸೀಸೆಯನ್ನು ಬೆಳಕಿಗೆ ಹಿಡಿದು, “ನೋಡಮ್ಮ, ಒಂದು ಹನೀನೂ ಕಮ್ಮಿ ಆಗಿಲ್ಲ” ಎಂದರು.

“ಸಾರ್, ಒಳಗಿರೋದು ಕೆಟ್ಟೋಗಿದೆ.”

“ವಾಸನೆ ಬರ್ತಿಲ್ವಲ್ಲ?”

ಅಯ್ಯೋ ದೇವರೇ! ಅರ್ಜಿದಾರಳಿಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಮಾಡಿದವರು ಯಾವುದೋ ಉಗ್ರಾಣದ ಮುಂದೆ ಕಾದಿರಬೇಕು.

೬. ಹೊಸ ಸೀಸೆ ಕೇಳಲಾಗಿ, ದಾಸ್ತಾನು ಇರುವಾಗ ಮತ್ತೆ ಕೊಳ್ಳುವಂತಿಲ್ಲ, ಕೆಟ್ಟಿದೆಯೆಂದು ಪ್ರಯೋಗದ ಮೂಲಕ ರುಜುವಾತು ಮಾಡಿ ಎಂಬ ಆದೇಶ ಬಂತು. ಅರ್ಜಿದಾರಳ ಬಳಿ ಎಳೆಯ ಜೀವಕೋಶಗಳು ಒಂದೇ ಒಂದು ತಟ್ಟೆಯಷ್ಟು ಉಳಿದಿದ್ದವು. ಈ ಜಾತಿಯ ಕೋಶಗಳು ಬೇಗ ಮುದಿಯಾಗುತ್ತವೆ, ಮುದಿಯಾದವು ಪ್ರಯೋಗಕ್ಕೆ ಬಾರವು. ಬೇರೆ ದಾರಿಯಿಲ್ಲದ ಕಾರಣ ಅವನ್ನೇ ಬಳಸಿದಳು. ಸತ್ತ ಪ್ರೋಟೀನು ಯಾವುದನ್ನೂ ಹಿಡಿದಿಡಲಿಲ್ಲ. ಹೇಳುವವರು ಕೇಳುವವರು ಇಲ್ಲದಂತೆ ಕೋಶಗಳು ತಟ್ಟೆಯ ತುಂಬ ಬೆಳೆದು ಮುದಿಯಾಗಿಬಿಟ್ಟವು.

೭. ರುಜುವಾತಾಯಿತು. ಉಗ್ರಾಣವೂ ಒಪ್ಪಿ, ಕಡತದಲ್ಲಿ ಹೀಗೆ ಬರೆಯಿತು: ‘ಪ್ರೋಟೀನು ಕೆಟ್ಟಿರುವುದು ದೃಢಪಟ್ಟಿದೆ. ಆದರೆ ಅರ್ಜಿದಾರರ ಬಳಿ ಈಗ ಬಳಸಲು ಯೋಗ್ಯವಾದ ಜೀವಕೋಶಗಳೇ ಇಲ್ಲವಾದ್ದರಿಂದ ಹೊಸ ಸೀಸೆಯ ಅವಶ್ಯಕತೆ ಕಂಡುಬರುವುದಿಲ್ಲ.’ ಕೆಳಗೆ ತಮ್ಮ ಹಸಿರು ಶಾಯಿಯ ಸಹಿ ಇದೆ. ಅದನ್ನು ಓದಿ ಅರ್ಜಿದಾರಳು ಮೆಟ್ಟಿಲ ಮೇಲೆ ಕುಳಿತು ಗೊಳೋ ಎಂದು ಅತ್ತಳು. ಕಚೇರಿಯ ವೇಳೆಯಲ್ಲಿ ಅತ್ತದ್ದಕ್ಕೆ ಅರ್ಧ ದಿನದ ರಜೆ ಕಳೆಯಬಹುದು.

ಆದ್ದರಿಂದ, ಅರ್ಜಿದಾರಳು ಹೊಸ ಸೀಸೆಯನ್ನಾಗಲಿ ಅವಧಿ ವಿಸ್ತರಣೆಯನ್ನಾಗಲಿ ಕೇಳುತ್ತಿಲ್ಲ. ಮೊನ್ನೆಯಿಂದ ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಾಳೆ. ಅವರು ನಂಬುತ್ತಿಲ್ಲ. “ಓದಿದೋರು, ಅಷ್ಟು ದೊಡ್ಡ ಮನುಷ್ಯರು, ಹಾಗೆಲ್ಲ ಮಾಡ್ತಾರೇನೇ? ನೀನೇ ಎಲ್ಲೋ ಎಡವಟ್ಟು ಮಾಡ್ಕೊಂಡಿದೀಯ, ನನ್ ಹತ್ರ ಮುಚ್ಚಿಡ್ತಿದೀಯ” ಎನ್ನುತ್ತಾರೆ.

ಕಾರಣ, ತಾವು ಉಗ್ರಾಣಾಧಿಕಾರಿಗಳೊಂದಿಗೆ ಈ ಭಾನುವಾರ ದಯಮಾಡಿಸಿ, ಕ್ರಮಸಂಖ್ಯೆ ಏಳನ್ನು ಅತ್ತೆಯವರ ಮುಖ ನೋಡಿಕೊಂಡು ಗಟ್ಟಿಯಾಗಿ ಓದಿ ಹೇಳಬೇಕಾಗಿ ಕೋರಿಕೆ. ಮಗು ಮಲಗಿದ್ದರೆ ಏಳುವವರೆಗೆ ಕಾಯಬೇಕಾಗುತ್ತದೆ.

ತಮ್ಮ ವಿಶ್ವಾಸಿ (ಈ ತಿಂಗಳ ಕೊನೆಯವರೆಗೆ),
ಅರ್ಜಿದಾರಳು

ಲಗತ್ತು:
ಸೀಸೆ, ಒಂದು (ಸುಸ್ಥಿತಿಯಲ್ಲಿ).
ಮನೆಯ ವಿಳಾಸ ಮತ್ತು ದಾರಿಯ ನಕ್ಷೆ.